ಬೂದೆಪ್ಪನ ತೋಳು, ಕುಬ್ರಾ ಬೇಗಂ ಟೇಪು

ಈಗ ಹೇಳುವುದೆಲ್ಲ ನಡೆದದ್ದೇ. ದೇವಸುಗೂರಿನ ಸೂಗೂರೇಶ್ವರನ ಮೇಲೆ ಆಣೆ ಇಟ್ಟು ಹೇಳುತ್ತೇನೆ. ಅಲ್ಲಲ್ಲಿ ಒಂದಿಷ್ಟು ಉಪ್ಪು ಖಾರ ಹಚ್ಚಿರಬಹುದು, ಅದು ನನ್ನ ಹಳೇ ಚಾಳಿ. ಆದರೆ ಬೂದೆಪ್ಪನ ತೋಳಿನ ವಿಷಯದಲ್ಲಿ ಹಚ್ಚಿಲ್ಲ. ಆ ತೋಳನ್ನು ಟೇಪು ಹಿಡಿದು ಅಳೆದವರಿದ್ದಾರೆ. ಅವರ ಹೆಸರು ಕುಬ್ರಾ ಬೇಗಂ.

ಬೆಳಗಿನ ಐದೂವರೆ. ರಾಯಚೂರಿನ ಗಂಜು, ಅಂದರೆ ದವಸದ ದೊಡ್ಡ ಮಾರುಕಟ್ಟೆ, ಅದರ ಗೇಟಿನ ಪಕ್ಕ, ಬೇವಿನ ಮರದ ಕೆಳಗೆ ಬೆಂಚು ಹಾಕಿಕೊಂಡು ಅವರು ಕೂತಿದ್ದಾರೆ. ವಯಸ್ಸು ಐವತ್ತಾರು. ಕೊರಳಲ್ಲಿ ಬಟ್ಟೆ ಅಳೆಯುವ ಟೇಪು, ಕೈಯಲ್ಲಿ ಗುರುತು ಹಾಕುವ ಸೀಮೆಸುಣ್ಣ, ಮಡಿಲಲ್ಲಿ ಬಿಸ್ಕೀಟಿನ ತಗಡಿನ ಡಬ್ಬಿ. ಎದುರಿಗೆ ಚೀಲ ಹೊರುವ ಹಮಾಲರ ಸಾಲು, ಎಲ್ಲರ ಅಂಗಿಯ ತೋಳೂ ಭುಜದ ತನಕ ಮೇಲೇರಿದೆ. ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ ಸುಣ್ಣದ ಗೀಟು ಎಳೆದು, ಸುತ್ತ ಟೇಪು ಹಾಕಿ ಕುಬ್ರಾ ಬೇಗಂ ಅಳತೆ ಕೂಗುತ್ತಾರೆ. ಪಕ್ಕದಲ್ಲಿ ಕೂತ ನರ್ಸು ಆದೆಮ್ಮ ಬರೆದುಕೊಳ್ಳುತ್ತಾರೆ.

ದೊಡ್ಡ ತೊಂದರೆ ಏನೆಂದರೆ, ಟೇಪು ತಾಗಿದ ಕೂಡಲೇ ಹಮಾಲರು ತೋಳು ಉಬ್ಬಿಸುತ್ತಾರೆ.

"ಸಡ್ಲ ಬಿಡೋ ತಮ್ಮಾ. ನಾ ನಿನ್ನ ಜೋಡಿ ಕುಸ್ತಿ ಹಿಡ್ಯಾಕ ಬಂದೀನೇನು?"

"ಸಡ್ಲನs ಬಿಟ್ಟೀನ್ರಿ ಆಪಾ. ಅದು ಇರೋದs ಹಾಂಗ."

"ಸುಳ್ಳ ಹೇಳಬ್ಯಾಡ. ನಿನ್ನ ಹೇಂತಿ ಬ್ಲೌಸಿನ ಅಳತೀನೂ ನನಗ ಗೊತ್ತದ, ನಿನ್ನ ಉಬ್ಬೂ ಗೊತ್ತದ."

ಸಾಲೆಲ್ಲ ನಗುತ್ತದೆ. ನಗದವನು ಒಬ್ಬನೇ, ಮೊದಲಿಗೆ ನಿಂತ ಬೂದೆಪ್ಪ. ನಲವತ್ತೇಳರ ಆಳು, ದೇವದುರ್ಗದ ಕಡೆಯವನು. ಆತನ ತೋಳಿಗೆ ಆಡು ಕಟ್ಟಿದರೆ, ಗೂಟವೇ ಇರಬೇಕೆಂದು ಅದು ದಿನವಿಡೀ ಸುಮ್ಮನೆ ಮೆಲುಕು ಹಾಕುತ್ತದೆ. ಎಲ್ಲರ ಅಂಗಿಯ ಮೇಲೆ ಹಮಾಲರ ಹಿತ್ತಾಳೆಯ ಬಿಲ್ಲೆ ಹೊಳೆಯುತ್ತಿದ್ದರೆ ಆತನ ಎದೆ ಖಾಲಿ. ಇಪ್ಪತ್ತೇಳನೆಯ ನಂಬರಿನ ಆ ಬಿಲ್ಲೆ ಎರಡು ತಿಂಗಳಿಂದ ತಂಡದ ಮುಖಂಡ ಮುಷರ್ರಫ್ ಅವರ ಜೇಬಿನಲ್ಲಿದೆ. ಬಿಲ್ಲೆ ಇಲ್ಲದವನು ಗಂಜಿನಲ್ಲಿ ಚೀಲ ಮುಟ್ಟುವಂತಿಲ್ಲ. ಅದು ಆತನಿಗೆ ವಾಪಸ್ ಸಿಗುತ್ತದೋ ಇಲ್ಲವೋ ಇವತ್ತು ತೀರ್ಮಾನ.

ಹೇಗಾಯಿತು ಎಂಬುದನ್ನು ಹೇಳಬೇಕೆಂದರೆ ಕುಬ್ರಾ ಬೇಗಂ ಅವರ ಹೊಲಿಗೆ ಮಷೀನಿನಿಂದಲೇ ಶುರು ಮಾಡಬೇಕು.

ಗಂಜಿನ ಹಿಂದಿನ ಓಣಿಯಲ್ಲಿ ಅವರು ಮೂವತ್ತೊಂದು ವರ್ಷದಿಂದ ಬ್ಲೌಸು ಹೊಲಿಯುತ್ತಿದ್ದಾರೆ. ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಮಷೀನಿನ ಮುಂದೆ ಕೂತವರು ಎದ್ದದ್ದೇ ಇಲ್ಲ. ಹಬ್ಬದ ದಿನಗಳಲ್ಲಿ ದಿನಕ್ಕೆ ಹದಿನೆಂಟು ಬ್ಲೌಸು ಇಳಿಸಿದ ಕೈ ಅದು. ಓಣಿಯವರು ಹೇಳುವ ಪ್ರಕಾರ, ರಸ್ತೆಯಲ್ಲಿ ಹೋಗುವ ಹೆಂಗಸಿನ ನೆರಳು ನೋಡಿಯೇ ತೋಳಿನ ಅಳತೆ ಹೇಳುತ್ತಾರೆ. ಮಧ್ಯಾಹ್ನದ ನೆರಳಾದರೆ ಮಾತ್ರ ಅರ್ಧ ಇಂಚು ತಪ್ಪುತ್ತಾರಂತೆ.

ಆಮೇಲೆ ಸಿದ್ಧ ಬ್ಲೌಸುಗಳು ಅಂಗಡಿಗೆ ಬಂದವು. ಕಣ್ಣೂ ಮಂಜಾಯಿತು. ಸೂಜಿಗೆ ದಾರ ಪೋಣಿಸಲು ಓಣಿಯಲ್ಲಿ ಹೋಗುವವರನ್ನು ಕೂಗಿ ಕರೆಯುವ ಕಾಲ ಬಂತು. ಹೊಲಿಗೆ ಕಡಿಮೆಯಾದಾಗ ಹತ್ತಿರದ ಒಂದು ಸಣ್ಣ ದವಾಖಾನೆಯ ಹರಿದ ಬಟ್ಟೆಗಳನ್ನು ಸರಿ ಮಾಡುವ ಕೆಲಸ ಹಿಡಿದರು. ಹಾಸಿಗೆಯ ಚಾದರ, ಪರದೆ, ಜೊತೆಗೆ ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ.

ಆ ಪಟ್ಟಿ ಮಾತ್ರ ಅವರ ಮಾನ ತೆಗೆಯಿತು. ಬೇರೆ ಯಾರಿಗೆ ಸುತ್ತಿದರೂ ಸುಮ್ಮನಿರುವುದು, ಹಮಾಲರಿಗೆ ಸುತ್ತಿ ಗಾಳಿ ಹಾಕಿದರೆ ಚರ್ರನೆ ಬಿಚ್ಚಿಕೊಳ್ಳುವುದು. ಬೂದೆಪ್ಪನ ತೋಳಿನಿಂದ ಒಮ್ಮೆ ಅದು ಬಿಚ್ಚಿದ ಸದ್ದಿಗೆ ರಾಯಚೂರು ಕೋಟೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಹೋದ ವರ್ಷದ ಒಂದೇ ಬೇಸಿಗೆಯಲ್ಲಿ ಎಂಟು ಸಲ ಆ ಪಟ್ಟಿ ರಿಪೇರಿಗೆ ಬಂತು.

"ಕುಬ್ರಕ್ಕಾ, ನೀ ಹೊಲ್ದಿದ್ದು ಹದಿನೈದು ದಿನಾನೂ ನಿಲ್ಲವಲ್ದು. ದಾರ ಹಾಕೀಯೋ, ಇಲ್ಲಾ ಬರೇ ಗಾಳ್ಯಾಗ ಸೂಜಿ ಆಡ್ಸೀಯೋ?" ಎಂದು ಆದೆಮ್ಮ ಚುಚ್ಚಿದರು.

ಕುಬ್ರಾ ಬೇಗಂ ಅವರಿಗೆ ರೋಷ ಬಂತು. ಎರಡು ಸಾಲು ಹೊಲಿಗೆ ಹಾಕಿ, ಶಾಲೆಯ ಚೀಲದಿಂದ ಬಿಚ್ಚಿದ ಬಕ್ಕಲನ್ನೂ ಜೋಡಿಸಿ ಕೊಟ್ಟರು. "ತಗೊ, ಇನ್ನ ಆನಿ ತೋಳಿಗೆ ಕಟ್ಟು" ಎಂದರು. ಆಮೇಲೆ ಪಟ್ಟಿ ಬಿಚ್ಚಲಿಲ್ಲ. ಕುಬ್ರಾ ಬೇಗಂ ಈಗ ಆ ಮಾತು ಬಂದರೆ ತಲೆ ತಗ್ಗಿಸುತ್ತಾರೆ. "ಪಟ್ಟಿ ಖರೇ ಹೇಳಾಕತ್ತಿತ್ತು. ನಾನು ಅದರ ಬಾಯಿ ಹೊಲದ್ನಿ."

ಅದೇ ಪಟ್ಟಿಯಲ್ಲಿ ಬೂದೆಪ್ಪನ ಬಿಪಿ ನೂರಾ ಅರವತ್ತು ತೋರಿಸಿತ್ತು. ಒಂದು ಗುಳಿಗೆ ಶುರುವಾಯಿತು. ಮುಂದಿನ ತಿಂಗಳು ನೂರಾ ಐವತ್ತೆರಡು, ಇನ್ನೊಂದು ಗುಳಿಗೆ. ಅದೂ ಸಾಲದು ಎಂದು ಮೂರನೆಯದು. ಮೇ ತಿಂಗಳ ಒಂದು ಮಧ್ಯಾಹ್ನ, ಬಿಸಿಲಿಗೆ ಟಾರು ರಸ್ತೆ ಹಲ್ವದಂತೆ ಮೆತ್ತಗಾದ ಹೊತ್ತಿನಲ್ಲಿ, ಭತ್ತದ ಚೀಲ ಬೆನ್ನಿಗೇರಿಸಿಕೊಂಡು ಎದ್ದ ಬೂದೆಪ್ಪ ಹಾಗೇ ಕುಸಿದ. ಚೀಲ ಪಕ್ಕಕ್ಕೆ ಬಿತ್ತು, ಆತ ಬದುಕಿದ. ದವಾಖಾನೆಗೆ ಒಯ್ದು ಅದೇ ಪಟ್ಟಿ ಸುತ್ತಿದರೆ ಮತ್ತೆ ನೂರಾ ನಲವತ್ತೆರಡು.

ಮುಷರ್ರಫ್ ಬಿಲ್ಲೆ ಬಿಚ್ಚಿಕೊಂಡರು. "ಮೂರು ಗುಳಿಗಿ ನುಂಗಿದ್ರೂ ಇಳೀವಲ್ದು ಅಂದ್ರ ಹೆಂಗಪಾ? ಚೀಲದ ಕೆಳಗಿಂದ ಹೆಣ ತಗಿಯೋದು ನನಗ ಆಗಂಗಿಲ್ಲ. ಬಿಪಿ ಇಳೀಲಿ, ಬಂದು ತಗೊಂಡು ಹೋಗು."

ಕೆಲಸವಿಲ್ಲದ ಬೂದೆಪ್ಪ ದವಾಖಾನೆಯ ಹರಿದ ಬಟ್ಟೆಯ ಗಂಟನ್ನು ಕುಬ್ರಾ ಬೇಗಂ ಮನೆಗೆ ಮುಟ್ಟಿಸಲು ಬಂದ. ಗಂಟು ಇಳಿಸುವಾಗ ಆತನ ತೋಳಿನ ಮೇಲೆ ಬಕ್ಕಲಿನ ಕೆಂಪು ಅಚ್ಚು ಕಂಡಿತು. ಅವರು ಸುಮ್ಮನೆ ಟೇಪು ಹಾಕಿ ನೋಡಿದರು. ಹದಿನಾರೂವರೆ ಇಂಚು. ಅಂಚು ಸವೆದು ಗಂಟಿನಲ್ಲಿ ಬಂದಿದ್ದ ಪಟ್ಟಿ ತೆಗೆದು, ಒಳಗೆ ಗಾಳಿ ತುಂಬುವ ರಬ್ಬರಿನ ಚೀಲ ಅಳೆದರು. ಒಂಬತ್ತು ಇಂಚು.

"ಬ್ಲೌಸಿನ ತೋಳು ಬಿಗಿಯಾಗಿ ಹರದ್ರ ಅದು ದಾರದ ತಪ್ಪಲ್ಲ, ಅಳತಿ ತಪ್ಪು. ಇದು ಒಂದನೇ ದಿನಾ ಕಲ್ತ ಪಾಠರಿ. ಎಂಟು ಸಲ ಕೈಯಾಗ ಹಿಡ್ದೀನಿ, ನನಗ ಹೊಳೀಲಿಲ್ಲ." ಎನ್ನುತ್ತಾರೆ.

ಮರುದಿನ ಬೆಳಿಗ್ಗೆ ಬೂದೆಪ್ಪನ ರಟ್ಟೆ ಹಿಡಿದು ದವಾಖಾನೆಗೆ ನಡೆದರು. ದೊಡ್ಡವರ ಬಿಪಿ, ಸಕ್ಕರೆ, ಹೃದಯದ ಕಾಯಿಲೆ ನೋಡುವ ಡಾಕ್ಟರ್ ನಾಗರತ್ನಾ ಆಗಷ್ಟೇ ಬಂದು ಕೂತಿದ್ದರು.

"ಡಾಕ್ಟರಮ್ಮಾರ, ಊರಿಗೆಲ್ಲಾ ಒಂದs ಅಳತಿ ಬ್ಲೌಸ್ ಹೊಲದು ಕೊಟ್ರ ಯಾರರ ತೊಟ್ಗೊಂತಾರೇನ್ರಿ?"

"ಯಾಕ್ರಿ ಕುಬ್ರಮ್ಮ, ಬೆಳಿಗ್ಗೆನೇ?"

"ಮತ್ತ ಊರಿಗೆಲ್ಲಾ ಒಂದs ಪಟ್ಟಿ ಯಾಕ ಕಟ್ಟಾಕತ್ತೀರಿ?"

ಡಾಕ್ಟರು ಪಟ್ಟಿ ನೋಡಿದರು, ತೋಳು ನೋಡಿದರು, ಬಕ್ಕಲು ನೋಡಿದರು. ಅವರ ಮುಖ ಸಣ್ಣದಾಯಿತು. ಯಾಕೆಂದು ಆಮೇಲೆ ಅವರೇ ನನಗೆ ಹೇಳಿದರು. "ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದ್ರೆ ಬಿಪಿ ಜಾಸ್ತಿ ತೋರಿಸ್ತದ ಅನ್ನೋದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದ್ರೂ ದಿನಕ್ಕ ಎಂಬತ್ತು ಜನ ಬಂದಾಗ ಕೈಗೆ ಸಿಕ್ಕಿದ್ದನ್ನ ಕಟ್ಟೋದೇ ರೂಢಿ ಆಗಿತ್ತು."

ದೊಡ್ಡ ಪಟ್ಟಿ ಎಲ್ಲಿಂದ ತರುವುದು? ಎಲ್ಲಿಂದಲೂ ತರಬೇಕಿರಲಿಲ್ಲ. ಬೀರುವಿನ ಮೇಲಿನ ಖಾನೆಯಲ್ಲಿ, ಪ್ಯಾಕೇಟು ಕೂಡ ಒಡೆಯದೆ ಆರು ವರ್ಷದಿಂದ ಮಲಗಿತ್ತು. "ಅದು ತೊಡಿಗೆ ಕಟ್ಟೋದು ಅಂತ ಮ್ಯಾಲಿಟ್ಟಿದ್ವಿರಿ" ಎಂದರು ಆದೆಮ್ಮ, ಸೆರಗಿನಿಂದ ಧೂಳು ಒರೆಸುತ್ತ.

ಬೂದೆಪ್ಪನನ್ನು ಐದು ನಿಮಿಷ ಮಾತಿಲ್ಲದೆ ಕೂರಿಸಿ ದೊಡ್ಡ ಪಟ್ಟಿ ಸುತ್ತಿದರು. ನೂರಾ ಹದಿನಾರು. ಮತ್ತೆ ನೋಡಿದರು, ಅಷ್ಟೇ. ಎಬ್ಬಿಸಿ ನಿಲ್ಲಿಸಿ ನೋಡಿದರು, ತೊಂಬತ್ತಾರು.

"ಬಿಪಿ ಏರಿ ಚಕ್ಕರ್ ಬಂದಿದ್ದಲ್ಲ ಇವನಿಗೆ. ನಾವೇ ಇಳಿಸಿ ಇಳಿಸಿ ಬೀಳಿಸೀವಿ" ಎಂದರು ಡಾಕ್ಟರು.

ಹಾಗೆಂದು ಗುಳಿಗೆಗಳನ್ನು ಕಿಟಕಿಯಿಂದ ಎಸೆಯಲಿಲ್ಲ. ವಾರವಿಡೀ ಬೆಳಿಗ್ಗೆ ಸಂಜೆ ದೊಡ್ಡ ಪಟ್ಟಿಯಲ್ಲಿ ನೋಡಿ, ಮೊದಲು ಒಂದು ಬಿಡಿಸಿದರು, ಆಮೇಲೆ ಇನ್ನೊಂದು. ಒಂದನ್ನು ಉಳಿಸಿಕೊಂಡರು. ಒಂದು ತಿಂಗಳು ಕಳೆದ ಮೇಲೆ ಗಂಜಿನಲ್ಲೇ, ಮುಷರ್ರಫ್ ಅವರ ಎದುರಿಗೇ ನೋಡುವುದು, ಕೂತಾಗಲೂ ನಿಂತಾಗಲೂ ಸರಿಯಿದ್ದರೆ ಬಿಲ್ಲೆ ಕೊಡುವುದು ಎಂದು ಒಪ್ಪಂದವಾಯಿತು.

ಈ ನಡುವೆ ಡಾಕ್ಟರಿಗೆ ನಿದ್ದೆ ಹತ್ತಲಿಲ್ಲವಂತೆ. ಒಬ್ಬ ಬೂದೆಪ್ಪನಿಗೆ ಹೀಗಾದರೆ ಉಳಿದವರಿಗೆ? ಮೇಲಿನವರ ಅನುಮತಿ ಪಡೆದು ಸಣ್ಣದೊಂದು ಅಧ್ಯಯನಕ್ಕೆ ಇಳಿದರು. ಒಪ್ಪಿದವರ ತೋಳು ಅಳೆಯುವುದು, ಎರಡೂ ಪಟ್ಟಿಯಲ್ಲಿ ಬಿಪಿ ನೋಡುವುದು. ಯಾವ ಪಟ್ಟಿ ಮೊದಲು ಎಂಬುದನ್ನು ಯಾರೂ ಆರಿಸಬಾರದು. ಅದಕ್ಕೇ ಆ ಬಿಸ್ಕೀಟಿನ ಡಬ್ಬಿ. ಒಳಗೆ ಒಂದು ಕೆಂಪು ದಾರದ ರೀಲು, ಒಂದು ಹಸಿರು. ಕುಬ್ರಾ ಬೇಗಂ ಕಣ್ಣು ಮುಚ್ಚಿ ಕೈ ಹಾಕುತ್ತಾರೆ. ಕೆಂಪು ಬಂದರೆ ದೊಡ್ಡದು ಮೊದಲು, ಹಸಿರಾದರೆ ಮಾಮೂಲಿಯದು.

ರಾಯಚೂರು ಗಂಜು, ಮಾನ್ವಿಯ ಅಕ್ಕಿ ಗಿರಣಿಗಳು, ದೇವದುರ್ಗದ ಸಂತೆ. ಬೆಳಗಿನ ಮೊದಲ ಬಸ್ಸು ಹಿಡಿದು ಇಲ್ಲಿತನಕ ನೂರಾ ಹನ್ನೆರಡು ತೋಳು ಅಳೆದಿದ್ದಾರೆ. ನಲವತ್ತೊಂದು ಜನರಿಗೆ ದೊಡ್ಡ ಪಟ್ಟಿ ಬೇಕಿತ್ತು. ದೇವದುರ್ಗದಲ್ಲಿ ಉಲ್ಟಾ ಆಯಿತು. ಹತ್ತಿ ಬಿಡಿಸುವ ಹಣಮಮ್ಮನ ತೋಳು ಎಂಟು ಇಂಚೂ ಇರಲಿಲ್ಲ. ಮಾಮೂಲಿ ಪಟ್ಟಿ ಆಕೆಗೆ ಅಂಗಿಯಷ್ಟು ದೊಡ್ಡದಾಗಿ ಬಿಪಿ ಕಡಿಮೆ ತೋರಿಸುತ್ತಿತ್ತು. ಅದಕ್ಕಿಂತ ಸಣ್ಣದು ತರಿಸಿ ಸುತ್ತಿದಾಗ ನೂರಾ ಐವತ್ತೆಂಟು. ಆಕೆಗೆ ಗುಳಿಗೆ ಶುರುವಾಯಿತು, ತಲೆನೋವು ನಿಂತಿತು.

"ಅಳತಿಗೆ ದಪ್ಪ, ತೆಳ್ಳಗ ಎರಡೂ ಒಂದs ರೀ. ಅದಕ್ಕ ಯಾರ ಮ್ಯಾಲೂ ಸಿಟ್ಟಿಲ್ಲ" ಎನ್ನುತ್ತಾರೆ ಕುಬ್ರಾ ಬೇಗಂ.

ಈಗ ಬೇವಿನ ಮರದ ಕೆಳಗೆ ಬೂದೆಪ್ಪ ಕೂತಿದ್ದಾನೆ. ಬೆನ್ನು ಒರಗಿದೆ, ಪಾದ ನೆಲದ ಮೇಲಿದೆ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿದೆ. ಐದು ನಿಮಿಷ ಮಾತಾಡುವಂತಿಲ್ಲ. ಒಂದು ನಿಮಿಷಕ್ಕೇ ಆತ ಬಾಯಿ ತೆರೆಯುತ್ತಾನೆ.

"ಆಪಾ, ಇವತ್ತರ ಕೊಡ್ತಾರಲ್ಲಾ?"

"ಬಾಯಿ ಮುಚ್ಚು. ಮತ್ತ ಮೊದಲಿಂದ ಐದು ನಿಮಿಷ."

ಲಾರಿಗಳು ಬಂದು ನಿಂತಿವೆ. ಒಬ್ಬ ಹಮಾಲನೂ ಕದಲುವುದಿಲ್ಲ. ಡಾಕ್ಟರ್ ನಾಗರತ್ನಾ ತಾವೇ ಪಟ್ಟಿ ಸುತ್ತುತ್ತಾರೆ. ಕುಬ್ರಾ ಬೇಗಂ ಕಣ್ಣು ಮುಚ್ಚಿದ್ದಾರೆ. ಈ ಸಲ ಡಬ್ಬಿಯಲ್ಲಿ ಕೈ ಹಾಕುವುದಕ್ಕಲ್ಲ.

"ನೂರಾ ಇಪ್ಪತ್ತೆಂಟು" ಎನ್ನುತ್ತಾರೆ ಡಾಕ್ಟರು. "ಎದ್ದು ನಿಲ್ಲು." ಮೂರು ನಿಮಿಷ ಬಿಟ್ಟು ಮತ್ತೆ ನೋಡುತ್ತಾರೆ. "ನೂರಾ ಇಪ್ಪತ್ನಾಕು. ಒಂದು ವಾರ ಅರ್ಧ ಚೀಲ ಹೊರು. ನೀರು ಕುಡಿ. ಆ ಒಂದು ಗುಳಿಗೆ ಮಾತ್ರ ನೀನಾಗೇ ಬಿಡಬ್ಯಾಡ."

ಮುಷರ್ರಫ್ ಬಿಲ್ಲೆಯನ್ನು ಮೊದಲು ತಮ್ಮ ಅಂಗಿಗೆ ಉಜ್ಜಿ, ಆಮೇಲೆ ಬೂದೆಪ್ಪನ ಎದೆಗೆ ಚುಚ್ಚುತ್ತಾರೆ. "ಎರಡು ತಿಂಗಳು ಜೇಬಿನ್ಯಾಗಿಟ್ಟು ನನಗs ಬಿಪಿ ಬಂದಾದಲೇ" ಎನ್ನುತ್ತಾರೆ. ಬೂದೆಪ್ಪ ಬಗ್ಗಿ, ಬೆಂಚನ್ನು ಕುಬ್ರಾ ಬೇಗಂ ಸಮೇತ ಎತ್ತುತ್ತಾನೆ. ಅವರು ಬೇವಿನ ಟೊಂಗೆಗೆ ತಲೆ ತಾಗುವಷ್ಟು ಮೇಲೆ ಹೋದರು ಎಂದರೆ ನೀವು ನಂಬುವುದಿಲ್ಲ. ಆದರೆ ಸೆರಗಿನಲ್ಲಿ ಎರಡು ಬೇವಿನ ಎಲೆ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

"ಇಳ್ಸಲೇ! ಅರ್ಧ ಚೀಲ ಅಂದಾರ, ನಾ ಪೂರಾ ಚೀಲ ಅದೀನಿ!"

ಇಳಿದ ಮೇಲೆ ಸೆರಗು ಸರಿ ಮಾಡಿಕೊಂಡು ಕೂತ ಅವರನ್ನು ಏನು ಬೇಕು ನಿಮಗೆ ಎಂದು ಕೇಳಿದೆ. ಕೊರಳಿನ ಟೇಪು ತೆಗೆದು ನನ್ನ ಮುಂದೆ ಹಿಡಿದರು. "ಒಂದು ಹೊಸಾ ಟೇಪು ಸಿಕ್ರ ಸಾಕ್ರಿ. ಇದರಾಗ ಮೊದಲಿನ ಮೂರು ಇಂಚು ಅಳಿಸಿ ಹೋಗ್ಯಾವ. ನಾಕರಿಂದ ಹಿಡದು ಅಳದು, ಆಮ್ಯಾಲೆ ನಾಕು ಕಳ್ಯಾಕ ಹತ್ತೀನಿ. ನನ್ನ ಲೆಕ್ಕ ತಪ್ಪಂಗಿಲ್ಲ, ಆದ್ರ ಮತ್ತೊಬ್ಬರ ತೋಳಿನ ಮಾತದು."

ನಿಮಗೆ ಖಾತ್ರಿಯಾಗಲಿ ಎಂದು ಆ ಹಳೇ ಟೇಪನ್ನು ಅವರಿಂದ ಒಂದು ದಿನದ ಮಟ್ಟಿಗೆ ಕಡ ತಂದಿದ್ದೇನೆ. ಇಗೋ, ನನ್ನ ಕೈಯಲ್ಲೇ ಇದೆ. ನಾಳೆ ಬೆಳಿಗ್ಗೆ ಐದೂವರೆಗೆ ಗಂಜಿನ ಗೇಟಿನಲ್ಲಿ ವಾಪಸ್ ಮುಟ್ಟಿಸಬೇಕು, ಮತ್ತೆ ಹಳೆಯದನ್ನೇ ಮುಟ್ಟಿಸಿದರೆ ಚೆನ್ನಾಗಿರುವುದಿಲ್ಲ. ಆದ್ದರಿಂದ ಈಗ ನೀವು ಸುಮ್ಮನೆ ಬಲತೋಳಿನ ಅಂಗಿ ಮೇಲೇರಿಸಿ. ಅಳತೆ ನಾನು ಪುಕ್ಕಟೆ ನೋಡಿ ಹೇಳುತ್ತೇನೆ. ಹೊಸ ಟೇಪು ನೀವು ತನ್ನಿ.