ಟ್ರಿಮ್ಮರ್ ತಿರುಗಿಸಿದ ಹೆಣಿಗೆ ಕಡ್ಡಿ

ಪುಣೆಯ ಜೂನಾ ಬಜಾರಿನಲ್ಲಿ ಕೊಂಡ ಹಳೆಯ ರೇಡಿಯೊ ಖರಾಡಿಯ ನಮ್ಮ ಮನೆಗೆ ಬಂದಾಗ ಬರೀ ಗೊರಗುಟ್ಟುತ್ತಿತ್ತು. ಹಿಂದಿನ ಮುಚ್ಚಳ ಬಿಚ್ಚಿ, ಒಳಗಿದ್ದ ಟ್ರಿಮ್ಮರ್ ಎಂಬ ಪುಟ್ಟ ತಿರುಪನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿರುಗಿಸಿದೆ. ಹಾಡು ಸ್ಪಷ್ಟವಾಗಿ ಕೇಳಿಸಿತು. ಸ್ಕ್ರೂಡ್ರೈವರ್ ತೆಗೆದ ಕೂಡಲೇ ಹಾಡು ಹೋಯಿತು. ಎಷ್ಟು ಸಲ ಮಾಡಿದರೂ ಅದೇ ಕತೆ. ಕಬ್ಬಿಣ ಹತ್ತಿರವಿದ್ದರೆ ಟ್ರಿಮ್ಮರಿನ ಲೆಕ್ಕ ತಪ್ಪುತ್ತದೆ, ಪ್ಲಾಸ್ಟಿಕ್ಕಿನದೇ ಬೇಕು ಎಂದು ಆಮೇಲೆ ಓದಿ ತಿಳಿದೆ.

ಅಂಗಡಿಯಲ್ಲಿ ನನ್ನ ಹರಕು ಮರಾಠಿಯಲ್ಲಿ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಕೇಳಿದರೆ, ಅಂಗಡಿಯವರು ಮಕ್ಕಳ ಆಟಿಕೆ ಸೆಟ್ ತಂದಿಟ್ಟರು. ಅದರ ತುದಿ ನನ್ನ ಹೆಬ್ಬೆರಳಿನಷ್ಟು ದಪ್ಪ. ಬರಿಗೈಯಲ್ಲಿ ಮರಳಿದೆ.

ಪಕ್ಕದ ಮನೆಯ ಬೀದರಿನ ಅಜ್ಜಿ ಬಾಗಿಲಲ್ಲಿ ಕುಳಿತು ಸ್ವೆಟರ್ ಹೆಣೆಯುತ್ತಿದ್ದರು. ನನ್ನ ಪರದಾಟ ಕೇಳಿ ಕೈಯಲ್ಲಿದ್ದ ಪ್ಲಾಸ್ಟಿಕ್ ಕಡ್ಡಿ ತೋರಿಸಿದರು.

"ಇದು ನಡೀತದೇನ್ ನೋಡು, ತಮ್ಮಾ."

"ತುದಿ ಉಜ್ಜಬೇಕಾಗುತ್ತೆ ಅಜ್ಜಿ, ಕಡ್ಡಿ ಹಾಳಾಗತ್ತೆ."

"ಆಗಲಿ ಬಿಡು. ನನ್ನ ಹತ್ರ ಬ್ಯಾರೆ ಭಾಳ ಅವ."

ಹೆಣಿಗೆಯನ್ನು ಇನ್ನೊಂದು ಕಡ್ಡಿಗೆ ದಾಟಿಸಿ ಇದನ್ನು ನನ್ನ ಕೈಗಿತ್ತರು. ಉಪ್ಪುಕಾಗದದಲ್ಲಿ ತುದಿಯನ್ನು ಚಪ್ಪಟೆಯಾಗಿ ಉಜ್ಜಿ, ಟ್ರಿಮ್ಮರನ್ನು ಕೂದಲೆಳೆಯಷ್ಟು ತಿರುಗಿಸಿ, ಉಸಿರು ಬಿಗಿಹಿಡಿದು ಕಡ್ಡಿ ತೆಗೆದೆ. ಈ ಸಲ ಹಾಡು ಹೋಗಲಿಲ್ಲ, ಸ್ಪಷ್ಟವಾಗಿ ಕೇಳಿಸುತ್ತಲೇ ಇತ್ತು. ಖುಷಿಗೆ ರೇಡಿಯೊ ಎತ್ತಿಕೊಂಡೇ ಅಜ್ಜಿಯ ಮನೆಗೆ ಓಡಿದೆ.

ಅವರು ಕಿವಿಗೊಟ್ಟು ಕೇಳಿ, "ಛಲೋ ಆತು. ಇನ್ನೊಂದೀಟು ದೊಡ್ಡದ್ ಮಾಡು, ಅಡಗಿ ಮನಿಗೂ ಕೇಳ್ಲಿ," ಎಂದು ಚಹಾ ಇಡಲು ಎದ್ದರು.