ರವದಿ ಕಳೆದ ತೂಕ

ಕಾಡಸಿದ್ದನನ್ನು ನಾನು ಮೊದಲ ಸಲ ಕಂಡಾಗ ಆತ ನೆಲದ ಮೇಲೆ ಬೋರಲು ಮಲಗಿದ್ದ. ೧೯೯೧ರ ಶ್ರಾವಣದ ಒಂದು ಗುರುವಾರ ಅದು. ಶಾಲೆಯಿಂದ ನಿವೃತ್ತನಾದ ಮೇಲೆ ಸಕ್ಕರೆ ಕಾಯಿಲೆ ಗಂಟುಬಿದ್ದು, ಮನೆಯಲ್ಲಿ ಕುಳಿತು ಕುಳಿತು ಬೇಸತ್ತು, ಚಿಕ್ಕೋಡಿಯಲ್ಲಿ ಕುಸುಮ ಸಿಸ್ಟರ್ ನಡೆಸುತ್ತಿದ್ದ ‘ಹಗಲಾಸರೆ’ಗೆ ನಾನು ಅಂದೇ ಕಾಲಿಟ್ಟಿದ್ದೆ. ಬಾಗಿಲ ಹತ್ತಿರವೇ ಗಟ್ಟಿಮುಟ್ಟಾದ ಮುದುಕನೊಬ್ಬ ಫರಶಿಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ಮಲಗಿದ್ದ.

“ಸಿಸ್ಟರ್, ಇಲ್ಲಿ ಯಾರೋ ಬಿದ್ದಾರ್ರಿ!” ಎಂದು ಕೂಗಿದೆ.

“ಬಿದ್ದಿಲ್ರಿ ಮಾಸ್ತರ್ರ,” ಎಂದು ನೆಲದಿಂದಲೇ ಉತ್ತರ ಬಂತು. “ಈ ಕಾಟಾದ ಮುಳ್ಳು ಸೊನ್ನಿ ಮ್ಯಾಲ ನಿಂತೈತೋ ಇಲ್ಲೋ ನೋಡಾಕತ್ತೀನಿ.”

ಆತನ ಮೂಗಿನ ತುದಿಯಲ್ಲಿ ಮನುಷ್ಯರು ನಿಂತು ತೂಗಿಕೊಳ್ಳುವ ಚಿಕ್ಕ ಯಂತ್ರವೊಂದಿತ್ತು. ನಾನು ಮಾಸ್ತರನೆಂದು ಹೇಗೆ ತಿಳಿಯಿತೆಂದು ಕೇಳಿದರೆ, “ಕೂಗಿದ್ರೆಲ್ಲ, ಹಾಜರಿ ಕರದಂಗ” ಎಂದ. ಆಮೇಲೆ ಎದ್ದು ಧೋತರದ ಧೂಳು ಕೊಡವಿ, “ಕಾಟಾ ಚಲೋ ಐತಿ. ಇನ್ನ ತೂಗಾಂವ ಚಲೋ ಇರಬೇಕು, ಅಷ್ಟ” ಎಂದು ತನ್ನ ಎದೆಯನ್ನೇ ತಟ್ಟಿಕೊಂಡ. ಅಂದಿನಿಂದ ಅಲ್ಲಿಯ ತೂಕದ ಕೆಲಸ ಆತನದಾಯಿತು.

ಹಗಲಾಸರೆಯೆಂದರೆ ಬೆಳಿಗ್ಗೆ ಹತ್ತಕ್ಕೆ ಹೋಗಿ ನಾಲ್ಕಕ್ಕೆ ಮನೆಗೆ ಮರಳುವ ಜಾಗ. ಕುಸುಮ ಸಿಸ್ಟರ್ ಕೊಲ್ಹಾಪುರದ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ದುಡಿದು ಬಂದು, ತಂದೆಯ ಹಳೆಯ ಅರಿವೆ ಅಂಗಡಿಯನ್ನು ತೊಳೆದು ಸುಣ್ಣ ಹೊಡೆಸಿ, ನಮ್ಮಂಥ ಇಪ್ಪತ್ತು ಜನರಿಗೆ ಅದನ್ನು ಬಿಟ್ಟುಕೊಟ್ಟಿದ್ದರು. ರಕ್ತದೊತ್ತಡ ನೋಡುವುದು, ಕೈಕಾಲು ಆಡಿಸುವ ವ್ಯಾಯಾಮ, ಮನೆಯಿಂದ ತಂದ ಬುತ್ತಿಯ ಊಟ, ಪಗಡೆ, ನಾನು ಓದಿ ಹೇಳುವ ಕನ್ನಡ ಮತ್ತು ಮರಾಠಿ ಪೇಪರು. ಗುರುವಾರ ನಿಪ್ಪಾಣಿಯಿಂದ ಡಾಕ್ಟರರು ಬಂದು ಎಲ್ಲರ ತೂಕದ ವಹಿ ನೋಡಿ ಹೋಗುತ್ತಿದ್ದರು.

ಕಾಡಸಿದ್ದ ಸಕ್ಕರೆ ಕಾರ್ಖಾನೆಯೊಂದರ ಕಾಟಾದ ಮೇಲೆ ಇಪ್ಪತ್ತೆಂಟು ವರ್ಷ ಕಬ್ಬು ತೂಗಿದವನು. ತುಂಬಿದ ಗಾಡಿ ತೂಗಿ, ಖಾಲಿ ಗಾಡಿ ತೂಗಿ ಕಳೆದು, ಉಳಿದುದರಲ್ಲಿ ಕಬ್ಬಿಗೆ ಅಂಟಿದ ಒಣ ಎಲೆಯನ್ನು, ಅಂದರೆ ನಾವು ರವದಿ ಎನ್ನುವುದನ್ನು, ಕಣ್ಣಳತೆಯಲ್ಲೇ ಅಂದಾಜು ಮಾಡಿ ಮತ್ತಷ್ಟು ಕಳೆಯುತ್ತಿದ್ದ. ತನ್ನ ಸ್ವಂತ ಮಾವನ ಗಾಡಿಯಲ್ಲೂ ರವದಿ ಕಳೆದವನೆಂದು ಸೀಮೆಯಲ್ಲೆಲ್ಲ ಹೆಸರಾಗಿದ್ದ. ಆ ಹೆಸರೇ ಆತನ ಆಸ್ತಿ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದ. ಅಲ್ಲಿ ತೂಗಲು ಏನೂ ಇರಲಿಲ್ಲವಾದ್ದರಿಂದ ರಕ್ತದೊತ್ತಡ ಏರಿತ್ತೆಂದು ತಾನೇ ಹೇಳುತ್ತಿದ್ದ.

ಆ ಮೊದಲ ಗುರುವಾರವೇ ಇನ್ನೊಂದು ತಮಾಷೆ ನಡೆಯಿತು. ಸದಲಗಾ ಬಸ್ಸಿನಿಂದ ಇಳಿದು ಭೂಪಾಲಣ್ಣ ಒಳಗೆ ಬಂದರು. ನಮಗಿಂತ ಎಂಟು ವರ್ಷ ಹಿರಿಯರು, ಬಡಕಲು ಮೈ. ಸದಲಗಾದ ಜೈನ ರೈತ ಮನೆತನ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮನೆಯಲ್ಲಿ ಸೋಸಿದ ನೀರಿನ ತಂಬಿಗೆ. ಬೇರೆ ನೀರು ಅವರು ಕುಡಿಯುತ್ತಿರಲಿಲ್ಲ. ಯಂತ್ರದ ಪಕ್ಕದಲ್ಲಿ ನಿಂತವನನ್ನು ನೋಡಿ ಅವರ ಕಾಲು ಹೊಸ್ತಿಲಲ್ಲೇ ನಿಂತಿತು.

“ಅರೆ! ಈ ಕಾಟೇದಾಂವ ಇಲ್ಲೂ ಬಂದಾನಲ್ಲೋ! ಸಿಸ್ಟರಬಾಯಿ, ನನ್ನ ಕಬ್ಬನ್ಯಾಗ ಇಪ್ಪತ್ತು ವರ್ಷ ರವದಿ ಕಳದಾನ ಈಂವ. ಇನ್ನ ಮೈಯಾಗಿಂದೂ ಕಳೀತಾನ.”

“ಸಾವಕಾರ್ರ, ನಿಮ್ಮ ಕಬ್ಬನ್ಯಾಗ ಕಬ್ಬಿಗಿಂತ ರವದೀನ ಹೆಚ್ಚಿರ್ತಿತ್ತು,” ಎಂದ ಕಾಡಸಿದ್ದ. “ಬರ್ರಿ, ಹತ್ರಿ.”

ಎದುರುಬದರು ಕೂತು ಜಗಳವಾಡುತ್ತಲೇ ಇಬ್ಬರೂ ಗೆಳೆಯರಾದರು. ಪಗಡೆ ಹಾಸಿನ ಒಂದು ಬದಿ ಇವನದು, ಎದುರು ಬದಿ ಅವರದು. ಹೆಂಡತಿ ಹೋದ ಮೇಲೆ ಭೂಪಾಲಣ್ಣ ಮನೆಯಲ್ಲಿ ಬಾಯಿ ಬಿಡುವುದೇ ನಿಂತಿತ್ತೆಂದು ಅವರ ಮಗ ಮಹಾವೀರ ನನಗೊಮ್ಮೆ ಹೇಳಿದ್ದ. ಹಗಲಾಸರೆಯಲ್ಲಿ ಅವರ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು. ಹೊತ್ತು ಮುಳುಗುವ ಮೊದಲೇ ಉಣ್ಣುವ ಪದ್ಧತಿಯವರಾದ್ದರಿಂದ ನಾಲ್ಕರ ಬಸ್ಸು ತಪ್ಪಿದರೆ ಅವರಿಗೆ ರಾತ್ರಿ ಉಪವಾಸವೇ. ಅದಕ್ಕೆ ಪಗಡೆಯಲ್ಲಿ ತಾನು ಗೆಲ್ಲುತ್ತಿದ್ದರೂ ಮೂರೂಮುಕ್ಕಾಲಿಗೆ ಕಾಡಸಿದ್ದ ಕಾಯಿ ಮಗುಚಿ, “ಏಳ್ರಿ, ನಿಮ್ಮ ಹೊತ್ತು ಮುಣಗ್ತೈತಿ” ಎಂದು ಅವರನ್ನು ಬಸ್‌ಸ್ಟ್ಯಾಂಡಿನವರೆಗೂ ಮುಟ್ಟಿಸಿ ಬರುತ್ತಿದ್ದ.

ಹೀಗೆ ಮಾಗಿ ಚಳಿ ಬಂತು. ಪುಷ್ಯದ ಒಂದು ಗುರುವಾರ ಡಾಕ್ಟರರು ವಹಿಯ ಹಾಳೆ ಹಿಂದೆ ಮುಂದೆ ತಿರುವಿ ಹುಬ್ಬು ಗಂಟಿಕ್ಕಿದರು. ಆಷಾಢದಲ್ಲಿ ಕುಸುಮ ಸಿಸ್ಟರ್ ತೂಗಿದಾಗ ಭೂಪಾಲಣ್ಣ ಐವತ್ತೆರಡು ಕಿಲೋ ಇದ್ದರು. ಶ್ರಾವಣದಲ್ಲಿ ಐವತ್ತು. ಈಗ ನಾಲ್ವತ್ತೆಂಟು. ಮೊದಲೇ ಬಡಕಲಾದ ಮುದುಕ ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದರೆ ಸುಮ್ಮನಿರಬಾರದೆಂದರು. ಮೀರಜಿಗೆ ಹೋಗಿ ಎದೆಯ ಫೋಟೋ ತೆಗೆಸಬೇಕು, ಅಲ್ಲಿಯವರೆಗೆ ಚಳಿಯಲ್ಲಿ ಬಸ್ಸಿನ ಓಡಾಟ ಬೇಡ ಎಂದು ಚೀಟಿ ಬರೆದುಕೊಟ್ಟರು. ಮರುದಿನ ಮಹಾವೀರ ಬಂದು, “ಇನ್ನ ಅಪ್ಪಾನ್ನ ಕಳಸೂದಿಲ್ರಿ ಸಿಸ್ಟರ. ಮನ್ಯಾಗ ಅಂವಾ ಆರಾಮಿರ್ಲಿ” ಎಂದು ಕೈಮುಗಿದು ಹೋದ.

ಆಮೇಲೆ ಹಗಲಾಸರೆಯ ಕಳೆ ಇಳಿಯಿತು. ಕಾಡಸಿದ್ದ ಪಗಡೆ ಹಾಸನ್ನು ಸುತ್ತಿ ಮೂಲೆಗಿಟ್ಟ. ಇನ್ನೊಬ್ಬರು ಆಡಲು ಕರೆದರೆ, “ಜಗಳಾ ಮಾಡಾಕ ಬರತೈತೇನ ನಿಮಗ? ಇಲ್ಲಾ? ಹಂಗಾರ ಬಿಡ್ರಿ” ಎನ್ನುತ್ತಿದ್ದ. ಸದಲಗಾದಿಂದ ಬಂದ ಸುದ್ದಿಯೂ ಒಳ್ಳೆಯದಿರಲಿಲ್ಲ. ಭೂಪಾಲಣ್ಣ ಮತ್ತೆ ಮಾತು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರಂತೆ. ತನಗೆ ದೊಡ್ಡ ರೋಗವೇ ಬಂದಿದೆ, ಇನ್ನು ಮೀರಜೇಕೆ ಎನ್ನುತ್ತಿದ್ದರಂತೆ.

ಗಂಟು ಬಿಚ್ಚಿದವಳು ಅಕ್ಕುತಾಯಿ. ಊರಲ್ಲಿ ಮೊದಲು ಖಾನಾವಳಿ ನಡೆಸಿದ್ದ ದುಂಡನೆಯ, ನಗುಮುಖದ ಹೆಂಗಸು. ಮುಂದಿನ ಗುರುವಾರ ಯಂತ್ರದಿಂದ ಇಳಿದು, “ಎಷ್ಟಪಾ ಕಾಡಸಿದ್ದಣ್ಣಾ?” ಎಂದಳು.

“ಎಪ್ಪತ್ಮೂರು.”

“ಅಯ್ಯ! ಆಷಾಢದಾಗ ಎಪ್ಪತ್ತಾರ ಇದ್ನೆಲ್ಲೋ! ಮೂರು ಕಿಲೋ ಇಳದೇನಿ, ಕುಬಸ ನೋಡಿದ್ರ ಹೊಲಗಿ ಬಿಚ್ಚಾಕತ್ತೈತಿ. ಇದ್ಯಾವ ಪವಾಡೋ ನಮ್ಮಪ್ಪಾ!”

ಎಲ್ಲರೂ ನಕ್ಕರು. ಕಾಡಸಿದ್ದ ಒಬ್ಬ ನಗಲಿಲ್ಲ. ವಹಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಒಬ್ಬೊಬ್ಬರ ಹಾಳೆ ತಿರುವಿದ. ಆತ ತೂಗಲು ಶುರುಮಾಡಿದ ಮೇಲೆ ನಮ್ಮಲ್ಲಿ ಹಳಬರೆಲ್ಲ ಇಳಿದಿದ್ದರು, ಚಳಿ ಏರಿದಂತೆ ಇನ್ನೂ ಇಳಿದಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಕೇಳಿದ:

“ಮಾಸ್ತರ್ರ, ಮನಷ್ಯಾರ್ನ ತೂಗೂವಾಗ ರವದಿ ಕಳೀಬಾರದೇನ್ರಿ?”

ನನಗೆ ಅರ್ಥವಾಗಲಿಲ್ಲ.

“ಅರಿವಿ ಅಂದ್ರ ರವದಿ ಅಲ್ಲೇನ್ರಿ? ಧೋತರ ಅಂಗಿ ಒಂದು ಕಿಲೋ, ಸೀರಿ ಮೂರು, ರುಮಾಲ ಅರ್ಧ, ಕೋಟು ಎರಡು, ಶಾಲು ಒಂದು. ಇಷ್ಟ ಕಳದ ಬರದೇನ್ರಿ ನಾ. ಸಾವಕಾರಂದು ತಂಬಿಗೀನೂ ಒಂದು ಕಿಲೋ ಹಿಡದೇನಿ.”

“ತಂಬಿಗೆ ಅವರು ಬೆಂಚಿನ ಮೇಲೆ ಇಡತಾರಲ್ಲೋ ಮಾರಾಯಾ!”

ಆತ ಹಣೆ ಚಚ್ಚಿಕೊಂಡ. ಕುಸುಮ ಸಿಸ್ಟರ್ ಬಟ್ಟೆಸಮೇತ ತೂಗಿ ಇದ್ದುದನ್ನು ಇದ್ದಂತೆ ಬರೆದಿದ್ದರು. ಈತ ಗಾಡಿ ತೂಗಿದಂತೆ ತೂಗಿ, ಅರಿವೆಯ ಭಾರವನ್ನು ಕಣ್ಣಳತೆಯಲ್ಲಿ ಇದ್ದುದಕ್ಕಿಂತ ಹೆಚ್ಚು ಹಿಡಿದು ಕಳೆದಿದ್ದ. ನಮ್ಮಲ್ಲಿ ಯಾರ ಕಣ್ಣಿಗೂ ಕಾಲ ಬುಡದ ಮುಳ್ಳು ಕಾಣುತ್ತಿರಲಿಲ್ಲವಾದ್ದರಿಂದ ಆತ ಹೇಳಿದ್ದೇ ತೂಕ. ತಿಳಿಸಿದಾಗ ಸಿಸ್ಟರ್ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಕೂಡಲೇ ಸದಲಗಾಕ್ಕೆ ಹೇಳಿಕಳಿಸೋಣವೆಂದರು.

“ಬ್ಯಾಡ್ರಿ,” ಎಂದ ಕಾಡಸಿದ್ದ. “ಇದು ಹೇಳಿಕಳಸೂ ಮಾತಲ್ಲ. ನಾನ ಹೋಗ್ತೀನಿ.”

ಮಾತು ಸಣ್ಣದು, ಆದರೆ ಆತನಿಗೆ ಎಷ್ಟು ಭಾರವೆಂದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ‘ನೀ ಹೆಚ್ಚು ಕಳೀತಿ’ ಎಂದು ಎದುರು ನಿಂತವರ ಮುಂದೆಯೇ ಹೋಗಿ, ‘ಹೆಚ್ಚು ಕಳೆದೆ’ ಎನ್ನಬೇಕಿತ್ತು. ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಆತ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದೂಧಗಂಗೆ ಹೊಳೆಯ ಸೀಮೆ ಬಂದಾಗ, “ಮಾಸ್ತರ್ರ, ಸಾವಕಾರ್ರು ಖರೇನ ಇಳದಿದ್ರ?” ಎಂದ.

ಭೂಪಾಲಣ್ಣ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಡಸಿದ್ದ ಯಂತ್ರವನ್ನು ಮಂಚದ ಹತ್ತಿರ ಇಟ್ಟು, ಕೈಕಟ್ಟಿ ನಿಂತ.

“ಸಾವಕಾರ್ರ, ನಾ ಹೆಚ್ಚ ಕಳದೇನ್ರಿ.”

ಗೋಡೆಯ ಕಡೆ ಇದ್ದ ಮುಖ ಮೆಲ್ಲಗೆ ಈ ಕಡೆ ತಿರುಗಿತು. “ಏನಂದಿ? ಇನ್ನೊಮ್ಮೆ ಅನ್ನು.”

“ಹೆಚ್ಚ ಕಳದೇನಿ ಅಂದ್ನ್ಯಲ್ರಿ. ನಿಮ್ಮ ಕೋಟು, ಶಾಲು, ತಂಬಿಗಿ ಎಲ್ಲಾ ರವದಿ ಅಂತ ಹಿಡದೆ. ತಪ್ಪಾತು.”

“ಮಹಾವೀರಾ! ಬಾರೋ ಇಲ್ಲೆ, ನಿನ್ನ ಹೆಂಡತೀನೂ ಕರ್ಕೊಂಡ ಬಾ. ಈಂವ ಒಪ್ಕೊಂಡ! ಲೇ ಸಿದ್ಯಾ, ಇವರ ಮುಂದ ಇನ್ನೊಮ್ಮೆ ಅನ್ನು!”

ಕಾಡಸಿದ್ದ ಮೂರನೆಯ ಸಲವೂ ಹೇಳಿದ. ಭೂಪಾಲಣ್ಣ ಕೋಟು, ಶಾಲು, ರುಮಾಲು ತೆಗೆದಿಟ್ಟು, ಆಷಾಢದಲ್ಲಿದ್ದಂತೆ ಧೋತರ ಅಂಗಿಯಲ್ಲಿ ಯಂತ್ರ ಹತ್ತಿದರು. ಕಾಡಸಿದ್ದ ಬಗ್ಗಲಿಲ್ಲ. ಮಹಾವೀರನೇ ಮೊಣಕಾಲೂರಿ ಮುಳ್ಳು ನೋಡಲಿ ಎಂದ.

“ಐವತ್ತೆರಡು, ಒಂದ ಕೂದಲೆಳಿ ಮ್ಯಾಲ,” ಎಂದ ಮಹಾವೀರ.

ಕಾಡಸಿದ್ದ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಭೂಪಾಲಣ್ಣ ಅದನ್ನು ಕಂಡೂ ಕಾಣದವರಂತೆ ಇಳಿದು ಕೋಟು ಹಾಕಿಕೊಂಡರು. “ಹಂಗಾರ ಎಪ್ಪತ್ನಾಲ್ಕನೇ ಇಸ್ವಿದಾಗ ನನ್ನ ಕಬ್ಬಿನ ಗಾಡ್ಯಾಗೂ ಹಿಂಗ ಕಳದಿದ್ದಿ. ಅದನ್ನೂ ಒಪ್ಕೊ.”

“ಅದು ಬ್ಯಾರೆರಿ,” ಎಂದ ಕಾಡಸಿದ್ದ, ಕಣ್ಣು ಇನ್ನೂ ಒದ್ದೆ. “ಅದರಾಗ ಖರೇನ ರವದಿ ಇತ್ತು.”

ಮಹಾವೀರನ ಹೆಂಡತಿ ಶೇಂಗಾ ಹೋಳಿಗೆ ತಂದಿಟ್ಟಳು. ಅಷ್ಟು ದಿನ ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದ ಮಾವ ಎರಡು ಹೋಳಿಗೆ ತಿಂದದ್ದನ್ನು ಆಕೆ ಬಾಗಿಲ ಮರೆಯಿಂದ ಎಣಿಸಿದಳು. ಡಾಕ್ಟರರು ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರೂ ಮೀರಜಿನ ಫೋಟೋ ಬೇಡವೆನ್ನಲಿಲ್ಲ. ಕಾಡಸಿದ್ದನೇ ಜೊತೆಗೆ ಹೋಗಿ ತೆಗೆಸಿಕೊಂಡು ಬಂದ. ಎದೆ ಶುದ್ಧವಾಗಿತ್ತು. ಮರುವಾರ ಸದಲಗಾ ಬಸ್ಸಿನಿಂದ ಕೊಡೆ, ತಂಬಿಗೆ, ಭೂಪಾಲಣ್ಣ ಮೂರೂ ಇಳಿದವು.

ಇದೆಲ್ಲ ಆಗಿ ಏಳು ವರ್ಷವಾಯಿತು. ಹಗಲಾಸರೆಯ ಗೋಡೆಗೆ ಈಗ ಒಂದು ಸಾಲು ಮೊಳೆಗಳಿವೆ. ಕೋಟು, ಶಾಲು, ರುಮಾಲು ಅಲ್ಲಿ ನೇತುಹಾಕಿಯೇ ಯಂತ್ರ ಹತ್ತಬೇಕು. ಮೊಳೆ ಹೊಡೆದವನು ಕಾಡಸಿದ್ದ. ಆತನಿಗೀಗ ಎಪ್ಪತ್ತೆರಡು, ಭೂಪಾಲಣ್ಣನವರಿಗೆ ಎಂಬತ್ತು. ಪ್ರತಿ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾಡಸಿದ್ದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾನೆ. ಗೆಳೆಯನ ಕೈಯಿಂದ ತಂಬಿಗೆ ಇಸಿದುಕೊಂಡು, ಎಪ್ಪತ್ನಾಲ್ಕರ ಗಾಡಿಯ ಜಗಳ ಆಡುತ್ತಾ, ಹೆಜ್ಜೆಗೊಮ್ಮೆ ನಿಂತು ಕರೆತರುತ್ತಾನೆ. ಉಳಿದವರ ತೂಕವನ್ನೆಲ್ಲ ಆತನೇ ನೋಡಿ ಬರೆಯುತ್ತಾನೆ. ಭೂಪಾಲಣ್ಣನ ಸರದಿ ಬಂದಾಗ ಮಾತ್ರ ಪೆನ್ಸಿಲು ಹಿಡಿದು ದೂರ ನಿಲ್ಲುತ್ತಾನೆ. ಅವರು ಕನ್ನಡಕ ಸರಿಪಡಿಸಿಕೊಂಡು, ಬಗ್ಗಿ, ತಮ್ಮ ತೂಕ ತಾವೇ ಓದಿ ಹೇಳುತ್ತಾರೆ. ಯಂತ್ರದ ಮೇಲೆ ಅಷ್ಟು ಬಗ್ಗಿದರೆ ಮುಳ್ಳು ಅಲ್ಲಾಡುತ್ತದೆಂದು ಕಾಡಸಿದ್ದನಿಗೆ ಚೆನ್ನಾಗಿ ಗೊತ್ತು. ಆದರೂ ಅವರು ಹೇಳಿದಷ್ಟೇ ಬರೆಯುತ್ತಾನೆ.