ಮೌನ ಕತ್ತರಿಸುವ ಆಪ್

ನಮ್ಮದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಎರಡು ಕೋಣೆಯ ಕಂಪನಿ. ಧ್ವನಿ ಸಂದೇಶ ಕಳಿಸುವ ಹೊಸ ಆಪ್ ಮಾಡಿದ್ದೆವು. ಮಾತಿನ ನಡುವಿನ ಮೌನವನ್ನು ಅದು ತಾನೇ ಕತ್ತರಿಸುತ್ತದೆ, ಕೇಳುವವರ ಸಮಯ ಉಳಿಯುತ್ತದೆ ಎಂಬುದೇ ನಮ್ಮ ಹೆಮ್ಮೆ. ಅದನ್ನು ಜನರ ಫೋನಿಗೆ ಹಾಕಿಸಲು ಕಮಲಾಪುರದ ಸಂತೆಗೆ ಹೋಗಿದ್ದೆ.

ಕೆಂಪು ಬಾಳೆಹಣ್ಣು ಮಾರುತ್ತಿದ್ದ ಶರಣಮ್ಮ ಕಲಬುರಗಿಯ ತಂಗಿಗೆ ಸಂದೇಶ ಕಳಿಸಲು ಒಪ್ಪಿದರು. "ಆರಾಮ ಇದ್ದೀ ಏನವ್ವಾ?" ಎಂದು ಕೇಳಿ ಸುಮ್ಮನಾದರು. "ಉಂಡೀ?" ಮತ್ತೆ ಸುಮ್ಮನೆ. "ಮೊಣಕಾಲು ನೋವು ಹೆಂಗದ?"

"ಅಕ್ಕಾರೆ, ಅವರು ಈಗ ಫೋನಿನಾಗ ಇಲ್ರಿ. ನೀವು ಹೇಳ್ಕೋತ ಹೋಗ್ರಿ," ಎಂದೆ.

"ಕೇಳಿದ ಮ್ಯಾಲ ಆಕಿಗಿ ಹೇಳಾಕ ಬಿಡಬೇಕಲ್ರೀ," ಎಂದರು.

ಅವರು ಬಿಟ್ಟ ಜಾಗವನ್ನೆಲ್ಲ ಆಪ್ ನುಂಗಿ ಸಂದೇಶ ಕಳಿಸಿತು. ಸ್ವಲ್ಪ ಹೊತ್ತಿಗೆ ತಂಗಿ ಫೋನೇ ಮಾಡಿದಳು. "ಯಕ್ಕಾ, ನಾ ಏನ ತಪ್ಪ ಮಾಡೀನಿ? ಪೊಲೀಸರು ಕೇಳಿದಂಗ ಕೇಳೀದಿ."

ಶರಣಮ್ಮ ನನ್ನ ಮುಖ ನೋಡಿದರು. ಆಮೇಲೆ ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಬಹಳ ಹೊತ್ತು ತಂಗಿಯನ್ನು ಸಮಾಧಾನ ಮಾಡಿದರು.

ಮರುದಿನ ಆಫೀಸಿನಲ್ಲಿ ನಮ್ಮ ಸಾಹೇಬರು, "ಹೆಂಗಾತು? ಎಷ್ಟು ಮಂದಿ ಹಾಕ್ಕೊಂಡ್ರು? ಏನಂದ್ರು?" ಎಂದು ಒಂದೇ ಉಸಿರಿಗೆ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಎದ್ದು ಹೋಗಿದ್ದರು. ಮೌನ ಕತ್ತರಿಸುವ ಐಡಿಯಾ ಅವರದೇ.